ರೆಕಾರ್ಡ್ ಸಿಗದೆ ರೆಕಾರ್ಡನ್ನೇ ಮಾಡಿಸಿದ ಮಹಾರಾಜರು

ಅಂಬಾಜಿದುರ್ಗ ಹತ್ತುವಾಗ ನಮ್ಮ ಗುಂಪಿನಲ್ಲಿ ಒಂದು ಕಾನೂನಿದೆ. ಬ್ಲೂಟೂತ್ ಸ್ಪೀಕರ್ ಒಬ್ಬರ ಕೈಯಲ್ಲಿ ಇಪ್ಪತ್ತು ನಿಮಿಷ ಮಾತ್ರ, ಆಮೇಲೆ ಪಕ್ಕದವರಿಗೆ ಕೊಡಬೇಕು. ಹಾಕುವ ಹಾಡನ್ನು ಉಳಿದವರು ಯಾರೂ ಮೊದಲು ಕೇಳಿರಬಾರದು. ಒಬ್ಬರು ಕೇಳಿದ್ದರೂ ಸಾಕು, ಕೆಳಗಿಳಿದ ಮೇಲೆ ಹಾಕಿದವರೇ ಎಲ್ಲರಿಗೂ ಟೀ ಕೊಡಿಸಬೇಕು. ಈ ಟೀ ಖರ್ಚಿನ ಭಯದಿಂದಲೇ ನಮಗೆ ಮಾಲಿ ದೇಶದ ಗಿಟಾರ್, ಇಥಿಯೋಪಿಯಾದ ಜಾಝ್, ಒಂದೇ ಗಂಟಲಲ್ಲಿ ಎರಡು ಸ್ವರ ಹೊರಡಿಸುವ ಮಂಗೋಲಿಯಾದ ಹಾಡುಗಾರರು ಎಲ್ಲ ಪರಿಚಯ ಆಗಿದ್ದು. ಸಮುದ್ರ ಮಟ್ಟದಿಂದ ಸುಮಾರು 4,400 ಅಡಿ ಮೇಲೆ, ಹಳೇ ಕೋಟೆ ಗೋಡೆಗೆ ಒರಗಿಕೊಂಡು, ಚಿಂತಾಮಣಿ ಕಡೆಯ ಬಯಲು ನೋಡ್ತಾ ಇವನ್ನೆಲ್ಲ ಕೇಳಿದ್ದೀವಿ. ಇಂಟರ್ನಲ್ಸ್ ಮಾರ್ಕ್ಸ್ ಮರೆಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಹೋದ ಸೆಮಿಸ್ಟರಿನಲ್ಲಿ ಒಂದು ಭಾನುವಾರ ನಮ್ಮಲ್ಲೊಬ್ಬ ಒಂದು ಪಿಯಾನೊ ಕಾನ್ಸರ್ಟೊ ಹಾಕಿದ. ಆ್ಯಪ್ ತಾನಾಗಿ ತೋರಿಸಿತಂತೆ, ಹಾಕಿದವನಿಗೂ ಅದೇನು ಅಂತ ಗೊತ್ತಿಲ್ಲ. ಸಂಗೀತ ಬರೆದವರು ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್. ಮೂರನೇ ಕಾನ್ಸರ್ಟೊ. ಯಾರೂ ಕೇಳಿರಲಿಲ್ಲ, ಆದ್ದರಿಂದ ಟೀ ಉಳಿಯಿತು. ಅದು ನುಡಿಯುತ್ತಿದ್ದ ಹಾಗೆ ಒಬ್ಬಳು ಸುಮ್ಮನೆ ಆ ಕೃತಿಯ ಬಗ್ಗೆ ಹುಡುಕಿದಳು. ಅದನ್ನು ಅರ್ಪಿಸಿರೋದು ಮೈಸೂರು ಮಹಾರಾಜರಿಗೆ ಅಂತ ಇತ್ತು! ನಾವು ಕೂತಿದ್ದ ಬೆಟ್ಟವೂ ಒಂದು ಕಾಲಕ್ಕೆ ಅದೇ ಮೈಸೂರು ಸಂಸ್ಥಾನದ್ದೇ. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕಷ್ಟಪಡುತ್ತಿದ್ದ ಒಬ್ಬ ಮುದುಕರಿಗೂ ನಮ್ಮ ಮೈಸೂರಿಗೂ ಏನು ಸಂಬಂಧ ಅಂತ ಅವತ್ತು ಶುರುವಾದ ಹುಡುಕಾಟವೇ ಈ ಬರಹ.

ಆ ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್. ಹೆಸರು ನಮಗೆಲ್ಲ ಗೊತ್ತು, ಆದರೆ ಗೊತ್ತಿರೋದು ಹೆಸರು ಮಾತ್ರ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಗಾಡಿ ಪಾರ್ಟ್ಸ್ ತರೋಕೆ ಹೋಗ್ತೀವಿ. ಸಿಇಟಿ ಕೌನ್ಸೆಲಿಂಗಿನಲ್ಲಿ ಮೈಸೂರಿನ ಎಸ್‌ಜೆಸಿಇ ಅಂತ ಆಪ್ಷನ್ ಹಾಕಿದವರು ನಮ್ಮಲ್ಲೇ ಎಷ್ಟೋ ಜನ. ಆ ಜೆಸಿ ಯಾರು ಅಂತ ನಿಂತು ಕೇಳಿದವರು ಕಡಿಮೆ. ನಾವೂ ಕೇಳಿರಲಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ಆಗ ರಾಜ್ಯ ಆಳುತ್ತಿದ್ದವರು ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ನಾಲ್ವಡಿಯವರ ಅರಮನೆ ಅಂದರೆ ಸಂಗೀತದ ಸಂತೆ. ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು, ಎಲ್ಲರೂ ಆ ಆಸ್ಥಾನದ ವಿದ್ವಾಂಸರು. ಅದೇ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಒಂದು ಕಡೆ ವೀಣೆ, ಇನ್ನೊಂದು ಕಡೆ ಪಿಯಾನೊ. ಅಲ್ಲಿ ಬೆಳೆದ ಹುಡುಗನಿಗೆ ಇದು ನಮ್ಮದು ಅದು ಅವರದ್ದು ಅನ್ನೋ ಗೋಡೆ ಕಿವಿಯೊಳಗೆ ಎದ್ದಿರಲಿಲ್ಲ ಅಂತ ನಮಗೆ ಅನಿಸುತ್ತೆ. ಆದರೂ ಚಿಕ್ಕ ವಯಸ್ಸಿನಲ್ಲಿ ಅವರ ಮನಸ್ಸು ಎಳೆದಿದ್ದು ಪಿಯಾನೊ. ಕಛೇರಿ ಕೊಡುವ ಪಿಯಾನೊ ವಾದಕ ಆಗಬೇಕು ಅನ್ನೋದು ಅವರ ಆಸೆಯಾಗಿತ್ತು. ನಮ್ಮಲ್ಲಿ ಎಷ್ಟು ಜನ ಬ್ಯಾಂಡ್ ಮಾಡೋ ಆಸೆ ಇಟ್ಟುಕೊಂಡು ಬ್ರಾಂಚ್ ಸೆಲೆಕ್ಟ್ ಮಾಡಿದ್ದೀವೋ, ಅವರಿಗೆ ಅರ್ಥ ಆಗುತ್ತೆ.

ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಐದು ಪದಕಗಳ ಜೊತೆ ಪದವಿ ತಗೊಂಡರು. 1939ರಲ್ಲಿ ಯುರೋಪಿಗೆ ಹೋಗಿ ಬಂದರು. ಆಮೇಲೆ ಒಂದೇ ವರ್ಷದಲ್ಲಿ ಎಲ್ಲ ಬದಲಾಯಿತು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟ್ 3ಕ್ಕೆ ದೊಡ್ಡಪ್ಪನೂ ತೀರಿಕೊಂಡರು. ಇಪ್ಪತ್ತೊಂದು ವರ್ಷದ ಹುಡುಗ ಸೆಪ್ಟೆಂಬರಿನಲ್ಲಿ ಸಿಂಹಾಸನದ ಮೇಲೆ ಕೂತರು. ಪಿಯಾನೊ ವಾದಕನ ಕನಸು ಅಲ್ಲಿಗೆ ಮುಗೀತು. ಕಲಿಯೋದನ್ನಂತೂ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋಶಿಪ್ ಕೊಟ್ಟಿತು. ಆದರೆ ನುಡಿಸುವವರಾಗೋದು ತಪ್ಪಿದ ಮೇಲೆ ಅವರು ಏನಾದರು ಅನ್ನೋದೇ ನಮಗೆ ಹೆಚ್ಚು ಮುಖ್ಯ. ಅವರು ಕೇಳುಗರಾದರು. ಸುಮ್ಮನೆ ಕೇಳುಗರಲ್ಲ, ಹುಚ್ಚು ಹಿಡಿದ ಕೇಳುಗರು.

ಆ ಕಾಲದಲ್ಲಿ ಹೊಸ ಸಂಗೀತ ಕೇಳೋದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗಲ್ಲ. ರೆಕಾರ್ಡು ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಕಪ್ಪು ತಟ್ಟೆ. ಅದರ ಮುಖ್ಯ ಸಾಮಗ್ರಿ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣದ ಜೊತೆ ಹಚ್ಚುತ್ತಾರಲ್ಲ, ಅದೇ ಅರಗು. ಮರದ ಮೇಲಿರುವ ಪುಟ್ಟ ಹುಳು ಬಿಡುವ ಅಂಟು ಅದು. ಹೆಚ್ಚಾಗಿ ನಮ್ಮ ದೇಶದ ಕಾಡುಗಳಿಂದಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ತಟ್ಟೆಯಾಗಿ, ಅದರ ಮೇಲೆ ಬೀಥೋವನ್ ಕೂತುಕೊಂಡು ಮತ್ತೆ ಹಡಗಿನಲ್ಲಿ ವಾಪಸ್ ಬರುತ್ತಿತ್ತು. ಹನ್ನೆರಡು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ನಾಲ್ಕು ನಿಮಿಷದ ಮೇಲೆ ಸ್ವಲ್ಪ ಹಿಡಿಸಿದರೆ ದೊಡ್ಡದು. ಮುಕ್ಕಾಲು ಗಂಟೆಯ ಸಿಂಫನಿ ಕೇಳಬೇಕಾದರೆ ಐದಾರು ತಟ್ಟೆ ಬೇಕು, ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಆ ತಟ್ಟೆಗಳನ್ನೆಲ್ಲ ಫೋಟೊ ಆಲ್ಬಮ್ಮಿನ ಹಾಗೆ ಹೊಲಿದ ಒಂದು ದಪ್ಪ ಪುಸ್ತಕದೊಳಗೆ ಇಟ್ಟು ಮಾರುತ್ತಿದ್ದರು. ನಾವು ಇವತ್ತಿಗೂ ಆಲ್ಬಮ್ ಅನ್ನೋದು ಅದಕ್ಕೇ. ಬೆರಳು ತಾಕಿಸಿದರೆ ಬರುವ ಪ್ಲೇಲಿಸ್ಟಿಗೂ ಆ ಕಾಲದ ಪುಸ್ತಕದ ಹೆಸರೇ ಅಂಟಿಕೊಂಡಿದೆ.

ಹೀಗಿರುವಾಗ ಮಹಾರಾಜರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು. ನಾವು ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಎಲ್ಲವೂ 78ರ ತಟ್ಟೆ, ಒಂದು ಬದಿಗೆ ನಾಲ್ಕು ನಿಮಿಷ ಅಂದುಕೊಂಡರೂ 1,60,000 ನಿಮಿಷ. ನಿದ್ದೆ ಊಟ ಬಿಟ್ಟು ಕೇಳಿದರೂ 111 ದಿನ. ಹತ್ತಿರ ಹತ್ತಿರ ನಮ್ಮ ಒಂದು ಸೆಮಿಸ್ಟರ್. ಮಗುಚುವ ಸಮಯ ಇದರಲ್ಲಿ ಸೇರಿಲ್ಲ.

ಇಷ್ಟು ಇದ್ದರೂ ಅವರಿಗೆ ಬೇಕಾಗಿದ್ದು ಸಿಗುತ್ತಿರಲಿಲ್ಲ. ಕಂಪನಿಗಳು ಮಾರಾಟ ಆಗುವ ಸಂಗೀತವನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಿದ್ದವು. ಇವತ್ತಿನ ಆ್ಯಪು ನಾವು ಕೇಳಿದ್ದನ್ನೇ ಸ್ವಲ್ಪ ಬಣ್ಣ ಬದಲಾಯಿಸಿ ಮತ್ತೆ ಮುಂದಿಡುತ್ತಲ್ಲ, ಹೆಚ್ಚು ಕಡಿಮೆ ಹಾಗೇ. ಮೆಟ್ನರ್ ಅಂಥವರ ಸಂಗೀತ ಆ ಪಟ್ಟಿಯಲ್ಲಿ ಬರುವುದೇ ಅಪರೂಪ.

ಮೆಟ್ನರ್ ಕಥೆ ಕೇಳಿದರೆ ಬೇಜಾರಾಗುತ್ತೆ. ರಖ್ಮಾನಿನಾಫ್ ಅವರ ಗೆಳೆಯ, ಅವರಷ್ಟೇ ಗಟ್ಟಿ ಪಿಯಾನೊ ವಾದಕ. ಕ್ರಾಂತಿಯಾದ ಮೇಲೆ 1921ರಲ್ಲಿ ರಷ್ಯಾ ಬಿಟ್ಟು ಜರ್ಮನಿ, ಫ್ರಾನ್ಸ್ ಅಂತ ಅಲೆದು ಕೊನೆಗೆ ಲಂಡನ್ ಸೇರಿದರು. ಯುರೋಪೆಲ್ಲ ಹೊಸ ಹೊಸ ಪ್ರಯೋಗದ ಸಂಗೀತಕ್ಕೆ ತಿರುಗಿದ್ದ ಕಾಲ. ಇವರು ಹಳೇ ದಾರಿ ಬಿಡಲ್ಲ ಅಂತ ಹಟ ಹಿಡಿದವರು. ಕೇಳುವವರು ಕಡಿಮೆಯಾದರು. ಎರಡನೇ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತಿತು. ಹೃದಯದ ಕಾಯಿಲೆ ಶುರುವಾಯಿತು. ಮೂರನೇ ಕಾನ್ಸರ್ಟೊ ಬರೆದು ಮುಗಿಸಿದ್ದು ಈ ಸ್ಥಿತಿಯಲ್ಲಿ. ವಯಸ್ಸು ಅರವತ್ತು ದಾಟಿತ್ತು, ಇನ್ನೊಂದು ನಾಲ್ಕೈದು ವರ್ಷ ಹೀಗೇ ಕಳೆದಿದ್ದರೆ ಅವರ ಬೆರಳಿನ ಸದ್ದು ಬಹುಪಾಲು ಅವರ ಜೊತೆಗೇ ಹೋಗಿಬಿಡುತ್ತಿತ್ತು.

ಆಗ ಲಂಡನ್ನಿನಲ್ಲಿದ್ದ ಮೈಸೂರು ಸರ್ಕಾರದ ಪ್ರತಿನಿಧಿಯ ಮೂಲಕ ಅವರಿಗೊಂದು ವಿಷಯ ತಲುಪಿತು. ಅವರ ಕೃತಿಗಳನ್ನು, ಸಾಧ್ಯವಾದಷ್ಟೂ ಅವರ ಕೈಯಿಂದಲೇ ನುಡಿಸಿ, ರೆಕಾರ್ಡ್ ಮಾಡಿಸಬೇಕು ಅಂತ ಮಹಾರಾಜರಿಗೆ ಇಷ್ಟ ಇದೆ, ಖರ್ಚೆಲ್ಲ ಮೈಸೂರಿನದ್ದು. ಸ್ವಲ್ಪ ಯೋಚನೆ ಮಾಡಿ. ನಮಗೆ ಒಂದು ಆಲ್ಬಮ್ ಬೇಕು, ಎಲ್ಲೂ ಇಲ್ಲ. ನಾವೇನು ಮಾಡ್ತೀವಿ? ಬಿಟ್ಟುಬಿಡ್ತೀವಿ, ಇಲ್ಲ ಅಂದರೆ ಯಾರೋ ಅಪ್‌ಲೋಡ್ ಮಾಡೋವರೆಗೂ ಕಾಯ್ತೀವಿ. ಇಪ್ಪತ್ತೇಳು ವರ್ಷದ ಈ ಕೇಳುಗ ಆಲ್ಬಮ್ಮನ್ನೇ ಮಾಡಿಸಲು ಹೊರಟರು.

1947ರಲ್ಲಿ ಕೆಲಸ ಶುರುವಾಯಿತು. ಜಾಗ ಲಂಡನ್ನಿನ ಆಬಿ ರೋಡ್ ಸ್ಟುಡಿಯೋ. ಹೌದು, ಮುಂದೆ ಬೀಟಲ್ಸ್ ಜೀಬ್ರಾ ಕ್ರಾಸಿಂಗ್ ದಾಟಿದ ಅದೇ ಆಬಿ ರೋಡ್. ಕಂಪನಿ ಎಚ್‌ಎಂವಿ. ಜೊತೆಗೆ ನುಡಿಸಿದ್ದು ಫಿಲ್‌ಹಾರ್ಮೋನಿಯಾ ಅನ್ನುವ ಹೊಸ ಆರ್ಕೆಸ್ಟ್ರಾ, ಅದನ್ನು ವಾಲ್ಟರ್ ಲೆಗ್ ಅನ್ನೋ ರೆಕಾರ್ಡಿಂಗ್ ನಿರ್ಮಾಪಕರು 1945ರಲ್ಲಷ್ಟೇ ಕಟ್ಟಿದ್ದರು. ಮೆಟ್ನರ್ ತಮ್ಮ ಮೂರೂ ಕಾನ್ಸರ್ಟೊಗಳನ್ನು ತಾವೇ ನುಡಿಸಿದರು. ಅವರ ಹಾಡುಗಳನ್ನು ಹಾಡಿಸಿ, ತಾವೇ ಪಿಯಾನೊ ಹಿಡಿದರು. ಹಾಡಿದವರಲ್ಲಿ ಎಲಿಸಬೆತ್ ಶ್ವಾರ್ಜ್‌ಕೋಫ್ ಕೂಡ ಇದ್ದರು, ಮುಂದೆ ಜಗತ್ತಿಗೇ ಹೆಸರಾದ ಗಾಯಕಿ. ಮೆಟ್ನರ್ ಸೊಸೈಟಿ ಅನ್ನುವ ಹೆಸರಿನಲ್ಲಿ ಮೂರು ಆಲ್ಬಮ್ ಹೊರಬಂದವು. ಮೂರನೇ ಕಾನ್ಸರ್ಟೊವನ್ನು ಅವರು ಕೃತಜ್ಞತೆಯಿಂದ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ತೀರಿಕೊಂಡರು. ಅಂದರೆ ಸಿಕ್ಕಿದ್ದ ಅವಕಾಶ ನಾಲ್ಕೇ ವರ್ಷದ್ದು. ಇವತ್ತು ಪಿಯಾನೊ ಕಲಿಯುವವರು ಮೆಟ್ನರ್ ಹೇಗೆ ನುಡಿಸುತ್ತಿದ್ದರು ಅಂತ ಕೇಳಬೇಕಾದರೆ ಹೋಗುವುದು ಹೆಚ್ಚಾಗಿ ಈ ರೆಕಾರ್ಡುಗಳ ಹತ್ತಿರವೇ.

ಇಷ್ಟು ಹೊತ್ತಿಗೆ ನಮ್ಮ ಗುಂಪಿನಲ್ಲಿ ಜಗಳ ಶುರುವಾಗಿತ್ತು. ಅದನ್ನೂ ಬರೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತೆ.

ನಮ್ಮಲ್ಲೊಬ್ಬ ಗೌರಿಬಿದನೂರು ಕಡೆಯವನು. ಅವನ ಊರಿಂದ ವಿದುರಾಶ್ವತ್ಥಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಅವನು ಎತ್ತಿದ ಪ್ರಶ್ನೆ ಸರಳ. 1938ರಲ್ಲಿ ಈ ರಾಜಕುಮಾರರು ಪದಕ ತಗೊಂಡ ವರ್ಷವೇ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ನಮ್ಮ ಈಗಿನ ಜಿಲ್ಲೆಯ, ಅಕ್ಕಪಕ್ಕದ ಹಳ್ಳಿಯ ಜನ. ಇನ್ನು 1947, ಮೆಟ್ನರ್ ಆಬಿ ರೋಡಿನಲ್ಲಿ ಕೂತಿದ್ದ ವರ್ಷ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ನಡೆಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದ್ದರೂ ಇಲ್ಲಿ ಜನ ಆರಿಸಿದ ಸರ್ಕಾರ ಇರಲಿಲ್ಲ. ನಮ್ಮ ವಯಸ್ಸಿನ ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಜೈಲಿಗೆ ಹೋದರು. ಅರಮನೆ ದುಡ್ಡು ಅಂದರೆ ಕೊನೆಗೆ ಯಾರ ದುಡ್ಡು? ಬಯಲುಸೀಮೆಯ ಕೆರೆ ಒಣಗಿದ ಊರಿನ ಕಂದಾಯದಿಂದ ಲಂಡನ್ನಿನಲ್ಲಿ ರಷ್ಯನ್ ಪಿಯಾನೊ ಯಾಕೆ?

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಿಯಾನೊ ಹಾಕಿದ್ದವನಂತೂ ಸಿಟ್ಟು ಮಾಡಿಕೊಂಡು ಮುಂದೆ ನಡೆದುಬಿಟ್ಟ.

ಆಮೇಲೆ ಕೂತು ಲೆಕ್ಕ ಹಾಕಿದ್ದು ಇದು. ವಾಲ್ಟರ್ ಲೆಗ್ 1949ರಲ್ಲಿ ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದರು. ಅರಮನೆಯಲ್ಲಿ ಅವರು ಕಂಡಿದ್ದು ದೊಡ್ಡ ರೆಕಾರ್ಡ್ ಲೈಬ್ರರಿ, ಹಲವು ಪಿಯಾನೊ, ಸಾಲು ಸಾಲು ಲೌಡ್‌ಸ್ಪೀಕರು, ಮತ್ತು ಸಂಗೀತದ ವಿಷಯದಲ್ಲಿ ತಮಗೇ ಪ್ರಶ್ನೆ ಹಾಕಬಲ್ಲ ಒಬ್ಬ ಯುವಕ. ಫಿಲ್‌ಹಾರ್ಮೋನಿಯಾಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದರು. ಆಗ ಒಂದು ಪೌಂಡಿಗೆ ಸುಮಾರು ಹದಿಮೂರು ರೂಪಾಯಿ ಮೂವತ್ತಮೂರು ಪೈಸೆ. ವರ್ಷಕ್ಕೆ ಒಂದು ಲಕ್ಷ ಮೂವತ್ತಮೂರು ಸಾವಿರ, ಮೂರು ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ. ಸಂಸ್ಥಾನ ದೇಶದೊಳಗೆ ಸೇರಿದ ಮೇಲೆ ಅವರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅದರಲ್ಲಿ ನೂರಕ್ಕೆ ಐದು. ಬೇರೆ ರಾಜರು ಕಾರು, ಕುದುರೆ, ಬೇಟೆಗೆ ಸುರಿದದ್ದರ ಮುಂದೆ ಇದು ಚಿಲ್ಲರೆ ಅಂತ ಒಂದು ವಾದ. ಚಿಲ್ಲರೆಯೇ ಆದರೂ ಆ ಕಾಲದಲ್ಲಿ ನಾಲ್ಕು ಲಕ್ಷಕ್ಕೆ ಎಷ್ಟು ಹಳ್ಳಿ ಶಾಲೆ ಕಟ್ಟಬಹುದಿತ್ತು ಅಂತ ಇನ್ನೊಂದು ವಾದ. ಎರಡೂ ನಮ್ಮ ಗುಂಪಿನಲ್ಲಿ ಇವತ್ತಿಗೂ ಜೀವಂತ ಇವೆ, ನಾವು ಯಾವುದನ್ನೂ ಸೋಲಿಸಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. ಸಂಸ್ಥಾನ ಭಾರತಕ್ಕೆ ಸೇರುವ ಪತ್ರಕ್ಕೆ ಅವರು 1947ರ ಆಗಸ್ಟ್ 9ಕ್ಕೇ, ಸ್ವಾತಂತ್ರ್ಯಕ್ಕೆ ಮೊದಲೇ, ಸಹಿ ಹಾಕಿದ್ದರು. ಚಳವಳಿ ಶುರುವಾದ ಎರಡು ತಿಂಗಳೊಳಗೆ, ಅಕ್ಟೋಬರಿನಲ್ಲಿ, ಅಧಿಕಾರ ಬಿಟ್ಟುಕೊಟ್ಟರು. ಮೊದಲ ಮುಖ್ಯಮಂತ್ರಿಯಾದವರು ನಮ್ಮದೇ ಹಳೇ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು. ಹಟ ಹಿಡಿದು ಕೂತ ರಾಜರು ಬೇರೆ ಕಡೆ ಇದ್ದರು, ಅದರಿಂದ ಆದ ರಕ್ತಪಾತ ಇತಿಹಾಸದ ಪುಸ್ತಕದಲ್ಲಿದೆ. ವಿದುರಾಶ್ವತ್ಥ ಅದರಿಂದ ಅಳಿಸಿ ಹೋಗಲ್ಲ ಅಂತ ಗೌರಿಬಿದನೂರಿನವನು ಹೇಳಿದ್ದೂ ಸರಿಯೇ.

ಮತ್ತೆ ಸಂಗೀತಕ್ಕೆ ಬರೋಣ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಇವರೇ ಆದರು. ಅವರ ಹೆಸರಿನ ಪ್ರತಿಷ್ಠಾನದ ದುಡ್ಡಿನಿಂದ ಅಂಗಡಿಯಲ್ಲಿ ಸಿಗದ ಎಷ್ಟೋ ಸಂಗೀತ ರೆಕಾರ್ಡ್ ಆಯಿತು. ರಷ್ಯಾದ ಬಾಲಕಿರೆವ್ ಅವರ ಮೊದಲ ಸಿಂಫನಿ, ಫ್ರಾನ್ಸಿನ ರೂಸೆಲ್ ಅವರ ನಾಲ್ಕನೇ ಸಿಂಫನಿ, ಎರಡನ್ನೂ 1949ರಲ್ಲಿ ನಿರ್ದೇಶಿಸಿದ್ದು ಹರ್ಬರ್ಟ್ ಫಾನ್ ಕರಾಯನ್. ಕರಾಯನ್ ಮುಂದೆ ರೆಕಾರ್ಡ್ ಲೋಕದ ಸೂಪರ್‌ಸ್ಟಾರ್ ಆದರು. ಯುದ್ಧ ಮುಗಿದ ಆ ದಿನಗಳಲ್ಲಿ ಅವರಿಗೆ ಲಂಡನ್ನಿನಲ್ಲಿ ಒಂದು ಆರ್ಕೆಸ್ಟ್ರಾ ಮತ್ತು ಮೈಕು ಸಿಕ್ಕಿದ್ದರ ಹಿಂದೆ ಮೈಸೂರಿನ ಪಾಲೂ ಇದೆ ಅಂದರೆ ನಂಬೋದು ಕಷ್ಟ.

ನಮಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇನ್ನೊಂದು ಕಥೆ. ರಿಚರ್ಡ್ ಸ್ಟ್ರಾಸ್ ಅನ್ನುವ ಜರ್ಮನ್ ಸಂಗೀತಗಾರರು 1948ರಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ, ಒಬ್ಬ ಗಾಯಕಿ ಮತ್ತು ಪೂರ್ತಿ ಆರ್ಕೆಸ್ಟ್ರಾಗಾಗಿ ನಾಲ್ಕು ಹಾಡು ಬರೆದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತಾವು ಬರೆದಿದ್ದು ನುಡಿಯೋದನ್ನು ಅವರು ಕೇಳಲೇ ಇಲ್ಲ. ನಾಲ್ಕು ಕೊನೆಯ ಹಾಡುಗಳು ಅಂತ ಇವತ್ತು ಜಗತ್ತೆಲ್ಲ ಕರೆಯುವ ಅವು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕರು ಫುರ್ಟ್‌ವಾಂಗ್ಲರ್, ಆರ್ಕೆಸ್ಟ್ರಾ ಅದೇ ಫಿಲ್‌ಹಾರ್ಮೋನಿಯಾ. ಕಛೇರಿ ನಡೆಯಲಿ ಅಂತ 4,800 ಡಾಲರಿನ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಆಗಿನ ಲೆಕ್ಕದಲ್ಲಿ ಸುಮಾರು ಇಪ್ಪತ್ತಮೂರು ಸಾವಿರ ರೂಪಾಯಿ. ಕೇಳಿದ್ದು ಇಷ್ಟೇ, ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು.

ಅವರು ಲಂಡನ್ನಿಗೆ ಹೋಗಲು ಆಗಲಿಲ್ಲ. ಆ ಹೊತ್ತಿಗೆ ಅವರು ಮಹಾರಾಜರೂ ಅಲ್ಲ. ಜನವರಿ 26ರಿಂದ ಗಣರಾಜ್ಯದ ಮೈಸೂರಿಗೆ ರಾಜಪ್ರಮುಖರು. ಸಾವಿರಾರು ಜನ ಹಾಲಿನಲ್ಲಿ ಕೂತು ಕೇಳಿದ ಹಾಡಿಗೆ ದುಡ್ಡು ಕೊಟ್ಟ ಮನುಷ್ಯ ಹಡಗಿನಲ್ಲಿ ಬರೋ ತಟ್ಟೆಗಾಗಿ ಮೈಸೂರಿನಲ್ಲಿ ಕಾಯುತ್ತಿದ್ದರು. ನಾವು ಹೊಸ ಆಲ್ಬಮ್ ರಾತ್ರಿ ಹನ್ನೆರಡಕ್ಕೆ ಬರುತ್ತೆ ಅಂತ ಹಾಸ್ಟೆಲ್ ವೈಫೈ ಹತ್ತಿರ ಕಾದಿದ್ದು ನೆನಪಾಯಿತು. ಅವರದ್ದು ನಮಗಿಂತ ದೊಡ್ಡ ಕಾಯುವಿಕೆ. ಆ ದಿನದ ರೆಕಾರ್ಡಿಂಗ್ ಇವತ್ತೂ ಕೇಳಲು ಸಿಗುತ್ತೆ. ಕರಕರ ಸದ್ದು ಜಾಸ್ತಿ, ಆರ್ಕೆಸ್ಟ್ರಾ ಎಲ್ಲೋ ಗೋಡೆಯಾಚೆ ಇದ್ದ ಹಾಗೆ. ಸಿಗ್ನಲ್ ಪ್ರಾಸೆಸಿಂಗ್ ಓದುವವರಿಗೆ ಒಳ್ಳೆ ಮಿನಿ ಪ್ರಾಜೆಕ್ಟ್ ಆಗಬಹುದು. ಆದರೆ ಆ ಗದ್ದಲದ ಮೇಲೆ ಫ್ಲಾಗ್‌ಸ್ಟಾಡ್ ಅವರ ದನಿ ಏಳುವಾಗ ಫಿಲ್ಟರ್ ಹಾಕೋ ಮನಸ್ಸಾಗಲ್ಲ.

ಇದಾದ ಮೇಲೆ ದುಡ್ಡಿನ ಹೊಳೆ ನಿಂತಿತು. ಆದರೆ ಕೇಳುವ ಹುಚ್ಚು ಬೇರೆ ದಾರಿ ಹಿಡಿದಿತ್ತು. ಪಿಯಾನೊ ಕಲಿತ ಈ ಮನುಷ್ಯ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು, ವಾಸುದೇವಾಚಾರ್ಯರ ಬಳಿ ಕೂತರು, ಶ್ರೀವಿದ್ಯಾ ಉಪಾಸನೆಗೆ ಇಳಿದರು. ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು, ಅಂಕಿತ ಶ್ರೀವಿದ್ಯಾ. ಇಲ್ಲೂ ಅದೇ ಬುದ್ಧಿ ಕಾಣುತ್ತೆ. ಎಲ್ಲರೂ ಹಾಡುವ ರಾಗಗಳಲ್ಲಿ ಬರೆದು ಸುಮ್ಮನಾಗಲಿಲ್ಲ. ಕಛೇರಿಯಲ್ಲಿ ಅಪರೂಪಕ್ಕೂ ಕೇಳಿಸದ ರಾಗಗಳನ್ನು ಹುಡುಕಿ ಅವುಗಳಲ್ಲಿ ಕೃತಿ ಕಟ್ಟಿದರು. ರೆಕಾರ್ಡ್ ಇಲ್ಲದ ಸಂಗೀತಕ್ಕೆ ರೆಕಾರ್ಡ್ ಮಾಡಿಸಿದ್ದರಲ್ಲ, ಹಾಗೇ ಕೃತಿ ಇಲ್ಲದ ರಾಗಕ್ಕೆ ಕೃತಿ. ಹೋದ ವರ್ಷ ನಮ್ಮ ಫೆಸ್ಟಿನಲ್ಲಿ ಜೂನಿಯರ್ ಹುಡುಗಿಯರು ಭರತನಾಟ್ಯ ಮಾಡಿದ ಗಂಭೀರನಾಟದ ಶ್ರೀ ಜಾಲಂಧರ ಇವರದ್ದೇ. ಆವತ್ತು ನಾವೆಲ್ಲ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡ್ತಿದ್ದೆವು, ಒಪ್ಪಿಕೊಳ್ಳಬೇಕು.

ಮಿಕ್ಕಿದ್ದನ್ನು ಬೇಗ ಹೇಳಿಬಿಡ್ತೀವಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ವಿಶಾಲ ಮೈಸೂರಿಗೆ ರಾಜ್ಯಪಾಲರಾದರು, 1964ರಿಂದ 66ರವರೆಗೆ ಮದ್ರಾಸಿಗೆ. ವೇದ ಪುರಾಣಗಳನ್ನು ಕನ್ನಡಕ್ಕೆ ತರಿಸಿದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ ಅವರದ್ದು, ಅದರಲ್ಲಿ ಋಗ್ವೇದವೇ ಮೂವತ್ತೈದು ಸಂಪುಟ. ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಆಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಆದರು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ಕ್ಕೆ ತೀರಿಕೊಂಡಾಗ ವಯಸ್ಸು ಇನ್ನೂ 55.

ಮೆಟ್ನರ್ ಅವರ ಹೆಂಡತಿ ಅನ್ನಾ 1958ರಲ್ಲಿ ಮಾಸ್ಕೋಗೆ ವಾಪಸ್ ಹೋದರು. ಆಮೇಲೆ ಅವರ ಸಮಗ್ರ ಕೃತಿಗಳು ಅಲ್ಲೇ ಅಚ್ಚಾದವು. ಮೈಸೂರಿನ ದುಡ್ಡಿನ ರೆಕಾರ್ಡುಗಳು ಸಿಡಿಗೆ ಬಂದವು, ಸಿಡಿಯಿಂದ ಆ್ಯಪಿಗೆ ಬಂದವು, ಆ್ಯಪಿನಿಂದ ಅಂಬಾಜಿದುರ್ಗದ ಬಂಡೆ ಮೇಲೆ ಕೂತಿದ್ದ ನಮ್ಮ ಸ್ಪೀಕರಿಗೆ ಬಂದವು. ಅವತ್ತು ಗೆಳೆಯ ಹಾಕಿದ್ದು ಬೇರೆಯವರು ನುಡಿಸಿದ ಈಚಿನ ರೆಕಾರ್ಡಿಂಗ್. ಮೆಟ್ನರ್ ಅವರದ್ದೇ ಬೇಕು ಅಂದರೆ 1947 ಅಂತ ಸೇರಿಸಿ ಹುಡುಕಿ. ಮೊದಲ ಸಲಕ್ಕೆ ತಲೆಬುಡ ತಿಳಿಯಲ್ಲ, ನಮಗೂ ತಿಳಿಯಲಿಲ್ಲ. ಮೂರನೇ ಸಲ ಕೇಳುವಾಗ ಒಂದು ರಾಗ ಮತ್ತೆ ಮತ್ತೆ ಬೇರೆ ವೇಷದಲ್ಲಿ ಬರ್ತಿದೆ ಅಂತ ಗೊತ್ತಾಗುತ್ತೆ. ಸ್ಟ್ರಾಸ್ ಹಾಡುಗಳನ್ನು ರಾತ್ರಿ ಲೈಟ್ ಆರಿಸಿ ಇಯರ್‌ಫೋನಿನಲ್ಲಿ ಕೇಳಿ, ಬ್ಲೂಟೂತ್ ಸ್ಪೀಕರಿನಲ್ಲಿ ಬೇಡ.

ಕೊನೆಗೆ ಒಂದು ಸೂಚನೆ. ಆ ಭಾನುವಾರ ಬೆಟ್ಟ ಇಳಿದು ಕೈವಾರದ ಹತ್ತಿರ ಟೀ ಕುಡಿಯುವಾಗ ಪಕ್ಕದ ಕಟ್ಟೆ ಮೇಲೆ ಒಬ್ಬ ತಾತ ತಂಬೂರಿ ಮೀಟಿಕೊಂಡು ಕೈವಾರ ತಾತಯ್ಯನವರ ತೆಲುಗು ತತ್ವಪದ ಹಾಡ್ತಾ ಇದ್ದರು. ನಮ್ಮಲ್ಲಿ ತೆಲುಗು ಮನೆಯವರು ಮೂವರಿದ್ದರೂ ಯಾರೂ ಆ ಪದ ಕೇಳಿರಲಿಲ್ಲ. ಆ್ಯಪಿನಲ್ಲಿ ಹುಡುಕಿದೆವು, ಕೊನೇ ಸಾಲಿನ ಅಮರನಾರೇಯಣ ಅಂಕಿತ ಹಾಕಿಯೂ ಹುಡುಕಿದೆವು, ಅದೊಂದು ಪದ ಸಿಗಲಿಲ್ಲ. ಇನ್ನೂ ಎಷ್ಟು ಬರುತ್ತೆ ತಾತಾ ಅಂತ ಕೇಳಿದ್ದಕ್ಕೆ ಲೆಕ್ಕ ಇಟ್ಟಿಲ್ಲ ಅಂದರು. ಎರಡನೇ ಇಂಟರ್ನಲ್ಸ್ ಮುಗಿದ ಮೇಲಿನ ಭಾನುವಾರ ಮತ್ತೆ ಹೋಗ್ತಾ ಇದ್ದೀವಿ, ತಾತ ಬರೋಕೆ ಒಪ್ಪಿದ್ದಾರೆ. ಕ್ಯಾಂಪಸ್ಸಿನಲ್ಲಿ ಯಾರ ಹತ್ತಿರವಾದರೂ ಗಾಳಿ ಸದ್ದು ತಡೆಯುವ ಒಳ್ಳೆ ಮೈಕು ಇದ್ದರೆ ಕನ್ನಡ ಸಂಘದ ರೂಮಿಗೆ ಬಂದು ಹೇಳಿ. ಬಸ್ಸು ಬೆಳಗ್ಗೆ ಆರೂವರೆಗೆ. ಟೀ ನಮ್ಮದು.